ದನಿ ಬಂತು, ಪುರುಸೊತ್ತು ಹೋಯ್ತು: ಯಂತ್ರಗಳು ಅಮೆರಿಕದ ಅಧ್ಯಕ್ಷರನ್ನ ಬದಲಾಯಿಸಿದ ಕಥೆ

2025ರ ಸೆಪ್ಟೆಂಬರ್ 20, ಶನಿವಾರ. ಮಾರನೇ ದಿನ ಮಹಾಲಯ ಅಮಾವಾಸ್ಯೆ. ನಮ್ಮ ಬೀದಿಯ ಹುಡುಗನೊಬ್ಬ ಅಪ್ಪನಿಗೆ ಎಡೆ ಇಡೋಕೆ ಅಂತಾನೇ ಎರಡು ವಾರ ರಜೆ ಹಾಕಿ ಅಮೆರಿಕದಿಂದ ಬಂದಿದ್ದ. ಬೆಳಗ್ಗೆ ಕಾಫಿ ಲೋಟ ಕೈಗೆ ಬರೋಷ್ಟರಲ್ಲಿ ಅವನ ಫೋನು ಒಂದೇ ಸಮ ಟಣ್ ಟಣ್ ಅನ್ನೋಕೆ ಶುರು. ಅಲ್ಲಿ ಶುಕ್ರವಾರ ಟ್ರಂಪ್ ಒಂದು ಆದೇಶಕ್ಕೆ ಸೈನ್ ಹಾಕಿದ್ರು, ಎಚ್-1ಬಿ ವೀಸಾಗೆ ಇನ್ಮೇಲೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ, ಜಾರಿಯಾಗೋದು ಅಲ್ಲಿನ ಶನಿವಾರ ರಾತ್ರಿ 12 ಕಳೆದು ಒಂದು ನಿಮಿಷಕ್ಕೆ, ನಮ್ಮ ಲೆಕ್ಕದಲ್ಲಿ ಭಾನುವಾರ ಬೆಳಗ್ಗೆ 9 ಗಂಟೆ 31 ನಿಮಿಷ. ಈಗಾಗ್ಲೇ ವೀಸಾ ಇರೋರಿಗೂ ಇದು ಬೀಳುತ್ತಾ, ವರ್ಷಾವರ್ಷ ಕಟ್ಟಬೇಕಾ, ಯಾರಿಗೂ ಗೊತ್ತಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಹೊರದೇಶದಲ್ಲಿರೋ ನೌಕರರೆಲ್ಲ ಗಡುವಿನೊಳಗೆ ವಾಪಸ್ ಬನ್ನಿ ಅಂತ ಮೇಲ್ ಹಾಕಿದ್ವು. ಹುಡುಗ ಲ್ಯಾಪ್‌ಟಾಪ್ ಬಿಚ್ಚಿ ಟಿಕೆಟ್ ಹುಡುಕ್ತಾ ಕೂತ, ಅವರಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು "ಎಡೆ ಮುಗಿಸ್ಕೊಂಡು ಹೋಗೋಕಾಗಲ್ವೇನೋ" ಅಂತಿದ್ರು. ಮಾರನೇ ದಿನ ಎದ್ದು ನೋಡಿದ್ರೆ ವೈಟ್ ಹೌಸಿನ ಪ್ರೆಸ್ ಸೆಕ್ರೆಟರಿ ಎಕ್ಸ್‌ನಲ್ಲಿ ಹಾಕಿದಾರೆ: ಹೊಸ ಅರ್ಜಿಗೆ ಮಾತ್ರ, ಒಂದೇ ಸಲ, ವೀಸಾ ಇರೋರು ಎಂದಿನ ಹಾಗೆ ಹೋಗಿಬರಬಹುದು.

ಈಗ ಇದರ ಪಕ್ಕದಲ್ಲಿ 210 ವರ್ಷ ಹಳೇದೊಂದು ಕಥೆ ಇಟ್ಟು ನೋಡಿ. 1814ರ ಡಿಸೆಂಬರ್ 24ಕ್ಕೆ ಈಗಿನ ಬೆಲ್ಜಿಯಂನ ಗೆಂಟ್ ಅನ್ನೋ ಊರಲ್ಲಿ ಅಮೆರಿಕ ಮತ್ತು ಬ್ರಿಟನ್ ಕಡೆಯವರು ಕೂತು ಯುದ್ಧ ನಿಲ್ಲಿಸೋ ಒಪ್ಪಂದಕ್ಕೆ ಸಹಿ ಹಾಕಿದ್ರು. ಸುದ್ದಿ ಹಡಗಲ್ಲಿ ಬರ್ಬೇಕು. ಅದು ಇನ್ನೂ ಸಮುದ್ರದ ಮೇಲಿರೋವಾಗ್ಲೇ, 1815ರ ಜನವರಿ 8ಕ್ಕೆ, ನ್ಯೂ ಆರ್ಲಿಯನ್ಸ್‌ನಲ್ಲಿ ಎರಡೂ ಸೈನ್ಯ ಹೊಡೆದಾಡ್ಕೊಂಡ್ವು, ಸತ್ತೋರು ಗಾಯ ಆದೋರು ಸಿಕ್ಕಿಬಿದ್ದೋರು ಎಲ್ಲ ಸೇರಿ ಬ್ರಿಟಿಷರ ಕಡೆ ಸುಮಾರು 2,000 ಜನ. ವಾಷಿಂಗ್ಟನ್ನಿಗೆ ಒಪ್ಪಂದದ ಕಾಗದ ತಲುಪಿದ್ದು ಫೆಬ್ರವರಿಯಲ್ಲಿ. ಆ ಯುದ್ಧ ಗೆದ್ದ ಆಂಡ್ರ್ಯೂ ಜಾಕ್ಸನ್ ಇಡೀ ದೇಶದ ಹೀರೋ ಆಗ್ಬಿಟ್ಟ, 1828ರ ಚುನಾವಣೆ ಗೆದ್ದು ಅಧ್ಯಕ್ಷನೂ ಆದ. ಕಾಗದ ಬೇಗ ಬಂದಿದ್ರೆ ಆ ಯುದ್ಧ ಬಹುಶಃ ನಡೀತಾನೇ ಇರ್ಲಿಲ್ಲ.

ಟೆಕ್ನಾಲಜಿ ಅಮೆರಿಕದ ಅಧ್ಯಕ್ಷಗಿರಿಯನ್ನ ಹೇಗೆ ಬದಲಾಯಿಸ್ತು ಅಂತ ಕೇಳಿದ್ರೆ ಸಾಮಾನ್ಯವಾಗಿ ಎಲ್ಲರೂ ರೇಡಿಯೋ, ಟಿವಿ, ಟ್ವಿಟರ್ ಅಂತ ಪಟ್ಟಿ ಕೊಟ್ಟು ಪ್ರಚಾರದ ವಿಷಯ ಮಾತಾಡಿ ಮುಗಿಸ್ತಾರೆ. ಅದು ಅರ್ಧ ಕಥೆ. ಅಲ್ಲಿನ ಸಂವಿಧಾನ ಬರೆದದ್ದು 1787ರಲ್ಲಿ, ಅಧ್ಯಕ್ಷರ ಕೆಲಸ ಏನು ಅನ್ನೋ ಭಾಗ ಹೆಚ್ಚುಕಮ್ಮಿ ಹಾಗೇ ಇದೆ: ಸೈನ್ಯದ ಮುಖ್ಯಸ್ಥ, ಮಸೂದೆ ತಡೆಯೋದು, ಕ್ಷಮಾದಾನ, ನೇಮಕಾತಿ. ಆ ವೀಸಾ ಆದೇಶಕ್ಕೆ ಆಧಾರವಾಗಿದ್ದ ಕಾನೂನು ಕೂಡ 1952ರದ್ದು. ಅಧಿಕಾರ ಹಳೇದೇ, ಬದಲಾಗಿದ್ದು ಅದರ ಸ್ಪೀಡು. ಬಂದ ಒಂದೊಂದು ಯಂತ್ರವೂ ಅಧ್ಯಕ್ಷರಿಗೆ ಒಂದಷ್ಟು ದನಿ ಕೊಟ್ಟು, ಯೋಚನೆ ಮಾಡೋ ಪುರುಸೊತ್ತನ್ನ ಒಂದಷ್ಟು ಕಿತ್ಕೊಂಡು ಹೋಯ್ತು ಅನ್ನೋದು ನನ್ನ ವಾದ.

ಮೊದಲು ತಂತಿ, ಅಂದ್ರೆ ಟೆಲಿಗ್ರಾಫ್. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ವೈಟ್ ಹೌಸಲ್ಲಿ ತಂತಿ ಇರ್ಲೇ ಇಲ್ಲ. ಪಕ್ಕದ ಯುದ್ಧ ಇಲಾಖೆ ಕಟ್ಟಡದಲ್ಲಿ ತಂತಿ ಆಫೀಸು. ಲಿಂಕನ್ ದಿನಾ ಹೆಗಲ ಮೇಲೊಂದು ಶಾಲು ಹೊದ್ಕೊಂಡು ಹುಲ್ಲುಹಾಸು ದಾಟಿ ಅಲ್ಲಿಗೆ ನಡ್ಕೊಂಡು ಹೋಗೋರು, ದೊಡ್ಡ ಯುದ್ಧ ನಡೀತಿದ್ರೆ ರಾತ್ರಿಯೂ ಅಲ್ಲೇ. ಹೋದ ತಕ್ಷಣ ಟೇಬಲ್ಲಿನ ಡ್ರಾಯರ್ ಎಳೆದು ಬಂದಿರೋ ತಂತಿಗಳ ಕಾಪಿಗಳನ್ನ ಮೇಲಿಂದ ಒಂದೊಂದಾಗಿ ಓದ್ತಾ ಹೋಗಿ, ಹಿಂದಿನ ಸಲ ಓದಿದ್ದು ಸಿಕ್ಕಿದ ಕೂಡ್ಲೇ "ದ್ರಾಕ್ಷಿ ತನಕ ಬಂದೆ ಕಣ್ರಪ್ಪಾ" ಅನ್ನೋರಂತೆ. ಅಲ್ಲಿ ಕೆಲಸಕ್ಕಿದ್ದ ಹುಡುಗರಿಗೆ ತಲೆಬುಡ ತಿಳೀದೆ ಒಬ್ಬ ಕೇಳೇಬಿಟ್ಟ. ಹುಟ್ಟುಹಬ್ಬಕ್ಕೆ ಸಿಕ್ಕಿದ್ದೆಲ್ಲ ತಿಂದು ಕೊನೆಗೆ ಒಣದ್ರಾಕ್ಷಿಯನ್ನೂ ತಿಂದ ಒಂದು ಹುಡುಗಿ ರಾತ್ರಿ ವಾಂತಿ ಮಾಡ್ಕೊತಾ ಇದ್ದಾಗ, ದ್ರಾಕ್ಷಿ ಬಂತು ಅಂದ್ರೆ ಇನ್ನು ಭಯ ಇಲ್ಲ ಬಿಡಿ ಅಂತ ಡಾಕ್ಟರ್ ಹೇಳಿದ ಕಥೆ ಅದು. ಯುದ್ಧದ ನಡುವೆ ಇಂಥಾ ಜೋಕು, ಮನುಷ್ಯ ಹಾಗಿದ್ದ.

ಆದ್ರೆ ಅಲ್ಲಿ ನಡೀತಿದ್ದದ್ದು ಹೊಸ ವಿಷಯ. ಅದಕ್ಕೆ ಮುಂಚೆ ಅಧ್ಯಕ್ಷ ಜನರಲ್‌ಗಳನ್ನ ನೇಮಕ ಮಾಡಿ ಕಳಿಸಿದ್ರೆ ಆಮೇಲೆ ಅವರಾಯ್ತು ಅವರ ಯುದ್ಧ ಆಯ್ತು, ವಾಷಿಂಗ್ಟನ್ನಲ್ಲಿ ಕೂತೋನು ಏನೂ ಮಾಡೋಹಾಗಿಲ್ಲ. ಲಿಂಕನ್ ಸುಮಾರು ಸಾವಿರ ತಂತಿ ಕಳಿಸಿದ್ರು. 1864ರ ಆಗಸ್ಟಲ್ಲಿ ಪೀಟರ್ಸ್‌ಬರ್ಗ್ ಮುತ್ತಿಗೆ ಬಿಡಬಾರದು ಅಂತಿದ್ದ ಜನರಲ್ ಗ್ರಾಂಟ್‌ಗೆ ಹೋದ ತಂತಿಯ ಸಾರ ಇಷ್ಟು: ಬುಲ್‌ಡಾಗ್ ಥರ ಕಚ್ಚಿ ಹಿಡ್ಕೊ, ಸಾಧ್ಯವಾದಷ್ಟೂ ಅಗಿ, ಉಸಿರು ಕಟ್ಟಿಸು. ಸೈನ್ಯದ ಮುಖ್ಯಸ್ಥ ಅನ್ನೋದು ಬರೀ ಪದವಿಯಾಗಿದ್ದದ್ದು ದಿನನಿತ್ಯದ ಕೆಲಸ ಆಗಿದ್ದು ಆ ತಂತಿ ಆಫೀಸಲ್ಲಿ. ಅಧ್ಯಕ್ಷರು ಸುದ್ದಿಗೆ ಕಾದು ರಾತ್ರಿಯೆಲ್ಲ ಎದ್ದಿರೋದೂ ಅಲ್ಲಿಂದಲೇ ಶುರು.

ಟೆಲಿಫೋನ್ ವಿಷಯ ಬೇಗ ಮುಗಿಸ್ತೀನಿ. 1877ರಲ್ಲಿ ಅಧ್ಯಕ್ಷ ಹೇಯ್ಸ್ ಕಾಲದಲ್ಲಿ ವೈಟ್ ಹೌಸಿಗೆ ಬಂತು, ನಂಬರ್ 1. ಆದ್ರೆ ಊರಲ್ಲಿ ಬೇರೆಯವರ ಹತ್ರ ಫೋನೇ ಇಲ್ಲದಿರೋವಾಗ ಯಾರಿಗೆ ಮಾಡೋದು? ಅಧ್ಯಕ್ಷರ ಸ್ವಂತ ಮೇಜಿನ ಮೇಲೆ ಫೋನ್ ಬಂದಿದ್ದು 1929ರಲ್ಲಿ, ಹೂವರ್ ಇದ್ದಾಗ. 50 ವರ್ಷ ಬೇಕಾಯ್ತು!

ರೇಡಿಯೋ ಹಾಗಲ್ಲ. 1933ರ ಮಾರ್ಚ್‌ನಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ಅಧಿಕಾರಕ್ಕೆ ಬಂದಾಗ ಜನ ಹೆದರಿ ಬ್ಯಾಂಕಿಂದ ದುಡ್ಡೆಲ್ಲ ತೆಗೆದು ಮನೇಲಿ ಇಟ್ಕೊಂಡಿದ್ರು, ಒಂದಾದ ಮೇಲೊಂದು ಬ್ಯಾಂಕು ಮುಳುಗ್ತಿತ್ತು, ಬಂದವರೇ ದೇಶದ ಎಲ್ಲಾ ಬ್ಯಾಂಕುಗಳನ್ನೂ ಮುಚ್ಚಿಸಿದ್ರು. ಮಾರ್ಚ್ 12, ಭಾನುವಾರ ರಾತ್ರಿ 10 ಗಂಟೆಗೆ ಮೈಕಿನ ಮುಂದೆ ಕೂತು ಕಾಲು ಗಂಟೆಯೂ ಆಗದ ಮಾತಲ್ಲಿ ಬ್ಯಾಂಕು ಅಂದ್ರೆ ಏನು ಅಂತ ಹೇಳಿದ್ರು: ನೀವು ಕೊಟ್ಟ ದುಡ್ಡನ್ನ ಅವರು ತಿಜೋರಿಲಿ ಇಟ್ಟು ಬೀಗ ಹಾಕಲ್ಲ, ಸಾಲ ಕೊಟ್ಟು ದುಡಿಸ್ತಾರೆ, ಅದಕ್ಕೇ ಎಲ್ಲರೂ ಒಂದೇ ದಿನ ಬಂದು ಕೇಳಿದ್ರೆ ಕೊಡೋಕಾಗಲ್ಲ. ಮಾರನೇ ದಿನದಿಂದ ಬ್ಯಾಂಕುಗಳು ಬಾಗಿಲು ತೆಗೀತಾ ಬಂದಾಗ ಮತ್ತೆ ಕ್ಯೂ ನಿಂತ್ರು ಜನ, ಈ ಸಲ ದುಡ್ಡು ವಾಪಸ್ ಇಡೋಕೆ. ಪತ್ರಿಕೆಯವರ ಹಂಗಿಲ್ಲದೆ ಅಧ್ಯಕ್ಷ ನೇರ ಮನೆಯ ನಡುಮನೆಗೆ ಬಂದು ಕೂತು ಮಾತಾಡಿದ ಹಾಗಾಯ್ತು ಅದು.

ಇಲ್ಲಿ ಎರಡು ವಿಷಯ ಗಮನಿಸಿ. ರೂಸ್ವೆಲ್ಟ್‌ರ ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಸಂದಿ ಇತ್ತು, ಮೈಕಲ್ಲಿ ಸೀಟಿ ಹೊಡೆದ ಹಾಗೆ ಕೇಳ್ತಿತ್ತು, ಅದಕ್ಕೆ ರೇಡಿಯೋಗೆ ಅಂತಲೇ ಒಂದು ಕಟ್ಟುಹಲ್ಲು ಮಾಡಿಸ್ಕೊಂಡಿದ್ರು. ಯಂತ್ರಕ್ಕೆ ತಕ್ಕ ಹಾಗೆ ಅಧ್ಯಕ್ಷರ ಬಾಯಿ ಬದಲಾಗಿದ್ದು ಹೀಗೆ. ಇನ್ನೊಂದು, 12 ವರ್ಷದಲ್ಲಿ ಇಂಥ ಮಾತು ಆಡಿದ್ದು ಬರೀ 30ರ ಆಸುಪಾಸು. ಇನ್ನೂ ಜಾಸ್ತಿ ಮಾತಾಡಿ ಅಂತ ಒತ್ತಾಯ ಮಾಡಿದವರಿದ್ರು, ಆದ್ರೆ ಜನರ ಮನಸ್ಸಿಗೆ ಸದಾ ತಾರಕ ಸ್ವರವನ್ನೇ ಕೇಳಿಸ್ತಾ ಇದ್ರೆ ಅದು ತಡ್ಕೊಳ್ಳಲ್ಲ ಅನ್ನೋ ಅರ್ಥದಲ್ಲಿ 1935ರಲ್ಲಿ ಒಬ್ಬ ಪತ್ರಕರ್ತರಿಗೆ ಬರೆದಿದ್ರು. 1942ರ ಫೆಬ್ರವರಿಯಲ್ಲಿ ಮುಂದಿನ ಮಾತಿಗೆ ಪ್ರಪಂಚದ ಮ್ಯಾಪ್ ಮುಂದಿಟ್ಕೊಂಡು ಕೂತ್ಕೊಳ್ಳಿ ಅಂತ ಹೇಳಿಕಳಿಸಿದ್ದಕ್ಕೆ ಅಂಗಡಿಗಳಲ್ಲಿ ಮ್ಯಾಪ್ ಖಾಲಿ. ಅಪರೂಪಕ್ಕೆ ಬರೋ ದನಿಗೆ ಅಷ್ಟು ಬೆಲೆ.

ರೂಸ್ವೆಲ್ಟ್ ಪೋಲಿಯೋ ಆಗಿ ವೀಲ್‌ಚೇರಲ್ಲಿ ಇದ್ದವರು, ಬಹಳ ಜನಕ್ಕೆ ಅದರ ಅಂದಾಜೇ ಇರ್ಲಿಲ್ಲ. ಅದಕ್ಕೂ ಮುಂಚೆ 1919ರಲ್ಲಿ ವುಡ್ರೋ ವಿಲ್ಸನ್‌ಗೆ ಸ್ಟ್ರೋಕ್ ಆಗಿ ಒಂದು ಕಡೆ ಬಿದ್ದುಹೋದಾಗ ಹೆಂಡತಿ, ಡಾಕ್ಟರು ಸೇರಿ ತಿಂಗಳುಗಟ್ಟಲೆ ಅದನ್ನ ಮುಚ್ಚಿಟ್ರು. ಟಿವಿ ಬಂದ ಮೇಲೆ ಆ ಆಟ ನಡೀಲಿಲ್ಲ. 1960ರ ಸೆಪ್ಟೆಂಬರ್ 26ರ ಕೆನಡಿ-ನಿಕ್ಸನ್ ಡಿಬೇಟ್ ಎಲ್ಲರಿಗೂ ಗೊತ್ತು: ಮಂಡಿಗೆ ಸೋಂಕಾಗಿ ಆಸ್ಪತ್ರೆಲಿದ್ದು ಎದ್ದು ಬಂದ ನಿಕ್ಸನ್, ಸೊರಗಿದ ಮುಖ, ಸಡಿಲ ಕಾಲರ್, ಹಿಂದಿನ ಗೋಡೆಗೆ ಬೆರೆತೇ ಹೋದ ಬೂದು ಸೂಟು, ಗಡ್ಡದ ನೆರಳು ಕಾಣದಿರಲಿ ಅಂತ ಬಳ್ಕೊಂಡ ಪೌಡರು, ಆ ಕಡೆ ಬಿಸಿಲಲ್ಲಿ ಮೈ ಕಾಯಿಸ್ಕೊಂಡು ಬಂದ ಕೆನಡಿ. 6-7 ಕೋಟಿ ಜನ ನೋಡಿದ್ರು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ನೇ ಗೆದ್ದ ಅಂದ್ರು ಅನ್ನೋ ಮಾತನ್ನ ಎಲ್ಲರೂ ಹೇಳ್ತಾರಲ್ಲ, ಅದಕ್ಕಿರೋ ಆಧಾರ ತುಂಬಾ ತೆಳು, ನಾನಂತೂ ಅದರ ಮೇಲೆ ಏನನ್ನೂ ಕಟ್ಟಲ್ಲ. ಆದ್ರೆ ಅಧ್ಯಕ್ಷರ ದೇಹ ಕೂಡ ಸಾರ್ವಜನಿಕ ದಾಖಲೆ ಆಯ್ತು ಅನ್ನೋದು ನಿಜ. ಅದರ ಪೂರ್ತಿ ಫಲ ಕಂಡಿದ್ದು 2024ರ ಜೂನ್ 27ಕ್ಕೆ, ಬೈಡನ್ ಡಿಬೇಟಲ್ಲಿ ತಡವರಿಸಿದಾಗ. ಜುಲೈ 21ಕ್ಕೆ ಕಣದಿಂದ ಹಿಂದೆ ಸರಿದ್ರು, ಅದನ್ನ ಹೇಳಿದ್ದೂ ಎಕ್ಸ್‌ನಲ್ಲಿ ಹಾಕಿದ ಒಂದು ಕಾಗದದ ಮೂಲಕ, ಟಿವಿಲಿ ಮುಖ ತೋರಿಸಿ ಮಾತಾಡಿದ್ದು ಮೂರು ದಿನ ಆದ್ಮೇಲೆ.

ಇನ್ನು ಮುಖ್ಯವಾದ ಜಾಗಕ್ಕೆ ಬರೋಣ. ಯುದ್ಧ ಘೋಷಣೆ ಮಾಡೋ ಅಧಿಕಾರ ಅಮೆರಿಕದ ಸಂವಿಧಾನದಲ್ಲಿ ಇರೋದು ಕಾಂಗ್ರೆಸ್ಸಿಗೆ, ಅಂದ್ರೆ ಅವರ ಸಂಸತ್ತಿಗೆ. ಬರೆದವರ ತಲೇಲಿದ್ದದ್ದು ಕುದುರೆ, ಹಡಗು. ಸೈನ್ಯ ಬರ್ತಿದೆ ಅಂತ ಗೊತ್ತಾದ್ರೆ ಸಭೆ ಸೇರಿ ವಾದ ಮಾಡೋಕೆ ವಾರಗಟ್ಟಲೆ ಟೈಮ್ ಇದೆ. ಅಣುಬಾಂಬ್ ಹೊತ್ತ ಖಂಡಾಂತರ ಕ್ಷಿಪಣಿಗೆ ರಷ್ಯಾದಿಂದ ಅಮೆರಿಕ ಮುಟ್ಟೋಕೆ ಸುಮಾರು 30 ನಿಮಿಷ ಸಾಕು, ಹತ್ತಿರದ ಸಮುದ್ರದಲ್ಲಿರೋ ಸಬ್‌ಮರೀನಿಂದ ಹೊರಟ್ರೆ ಇನ್ನೂ ಕಮ್ಮಿ. ಅದರಲ್ಲಿ ಎಚ್ಚರಿಕೆ ಬರೋದು, ಖಚಿತ ಮಾಡ್ಕೊಳ್ಳೋದು ಎಲ್ಲ ಕಳೆದ್ರೆ ಉಳಿಯೋದು ಕೆಲವೇ ನಿಮಿಷ. ಅಷ್ಟರಲ್ಲಿ ಸಂಸತ್ತು ಇರ್ಲಿ ಸಂಪುಟ ಕೂಡ ಸೇರೋಕಾಗಲ್ಲ. ಹಾಗಾಗಿ ಯಾರೂ ಸಂವಿಧಾನಕ್ಕೆ ಕೈ ಹಾಕದೇ, ಯಂತ್ರದ ವೇಗದಿಂದಲೇ ಆ ನಿರ್ಧಾರ ಒಬ್ಬನೇ ಮನುಷ್ಯನ ಕೈಗೆ ಬಂದು ಕೂತ್ಕೊಂತು. ಅಧ್ಯಕ್ಷರು ಎಲ್ಲಿ ಹೋದ್ರೂ ಹಿಂದೆ ಒಬ್ಬ ಸೈನ್ಯದ ಅಧಿಕಾರಿ ಕಪ್ಪು ಚರ್ಮದ ಬ್ಯಾಗ್ ಹಿಡ್ಕೊಂಡು ಹೋಗ್ತಾನಲ್ಲ, 'ಫುಟ್‌ಬಾಲ್' ಅಂತಾರೆ ಅದಕ್ಕೆ, ಅದರಲ್ಲಿ ಸಿನಿಮಾಲಿ ತೋರ್ಸೋ ಕೆಂಪು ಬಟನ್ ಗಿಟನ್ ಏನೂ ಇಲ್ಲ. ಇರೋದು ದಾಳಿಯ ಆಯ್ಕೆಗಳ ಕಾಗದ, ಸಂಪರ್ಕದ ವ್ಯವಸ್ಥೆ. ಆರ್ಡರ್ ಕೊಡ್ತಿರೋದು ತಾನೇ ಅಂತ ಸಾಬೀತು ಮಾಡೋ ಗುಪ್ತಸಂಕೇತದ ಕಾರ್ಡು ಅಧ್ಯಕ್ಷರ ಹತ್ರ ಇರುತ್ತೆ, ಅದಕ್ಕೆ 'ಬಿಸ್ಕೆಟ್' ಅಂತ ಹೆಸರು.

ತಮಾಷೆ ಅಂದ್ರೆ ಇದೇ ಕಾಲದಲ್ಲಿ ಮಾತುಕತೆಯ ವ್ಯವಸ್ಥೆ ಮಾತ್ರ ಹಳೇ ಕಾಲದ್ದು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟದ್ದಕ್ಕೆ ಅಣುಯುದ್ಧದ ಅಂಚಿಗೆ ಹೋಗಿದ್ದ 1962ರ ಬಿಕ್ಕಟ್ಟಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರಿ ದೊಬ್ರಿನಿನ್ ಮಾಸ್ಕೋಗೆ ವರದಿ ಕಳಿಸ್ಬೇಕಿದ್ರೆ ಅದನ್ನ ಸಂಕೇತದಲ್ಲಿ ಬರೆದು, ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಗೆ ಫೋನ್ ಮಾಡಿ, ಅಲ್ಲಿಂದ ಸೈಕಲ್ ಹೊಡ್ಕೊಂಡು ಬರೋ ಹುಡುಗನ ಕೈಗೆ ಕೊಡ್ಬೇಕಿತ್ತು. ಪ್ರಪಂಚ ಉಳಿಯುತ್ತೋ ಇಲ್ವೋ ಅನ್ನೋ ಕಾಗದ ಸೈಕಲ್ ಮೇಲೆ ಹೋಗ್ತಿದೆ, ಹುಡುಗ ದಾರೀಲಿ ಎಲ್ಲೂ ನಿಲ್ಲದೆ ಹೋದ್ರೆ ಸಾಕಪ್ಪ ಅಂತ ಇವರು ಅಂದ್ಕೊತಿದ್ರಂತೆ. ಸೋವಿಯತ್ ನಾಯಕ ಕ್ರುಶ್ಚೇವ್‌ರ ಒಂದು ಉದ್ದದ ಪತ್ರ ತಲುಪಿ, ಅನುವಾದವಾಗಿ ಕೆನಡಿ ಕೈಗೆ ಸಿಗೋಕೆ ಸುಮಾರು 12 ಗಂಟೆ ಹಿಡೀತು. ಇದಾದ್ಮೇಲೆ 1963ರ ಆಗಸ್ಟಲ್ಲಿ ವಾಷಿಂಗ್ಟನ್-ಮಾಸ್ಕೋ ನಡುವೆ ಹಾಟ್‌ಲೈನ್ ಬಂತು. ಕೆಂಪು ಫೋನು ಅಂತ ನಾವೆಲ್ಲ ಅಂದ್ಕೊಂಡಿದೀವಿ, ಅದು ಫೋನೇ ಅಲ್ಲ, ಟೆಲಿಪ್ರಿಂಟರ್, ಅಂದ್ರೆ ಇಲ್ಲಿ ಟೈಪ್ ಮಾಡಿದ್ದು ಅಲ್ಲಿ ಅಚ್ಚಾಗಿ ಬರೋ ಯಂತ್ರ. ಬೇಕು ಅಂತಲೇ ಹಾಗೆ ಮಾಡಿದ್ದು. ಬಾಯಲ್ಲಿ ಮಾತಾಡಿದ್ರೆ ಸಿಟ್ಟಲ್ಲಿ ಏನೋ ಬರುತ್ತೆ, ದುಭಾಷಿ ಏನೋ ಕೇಳಿಸ್ಕೊತಾನೆ. ಬರೆದು ಕಳಿಸಿದ್ರೆ ಓದೋಕೆ ಟೈಮ್, ಯೋಚಿಸೋಕೆ ಟೈಮ್. ಈ ಇಡೀ ಕಥೇಲಿ ಯಂತ್ರವನ್ನ ಬೇಕಂತಲೇ ನಿಧಾನ ಇಟ್ಕೊಂಡ ಉದಾಹರಣೆ ನನಗೆ ಕಾಣೋದು ಇದೊಂದೇ.

1979-80ರ ಒಂದು ದಿನ, ಬೆಳಗಿನ ಜಾವ 3 ಗಂಟೆ. ಅಧ್ಯಕ್ಷ ಕಾರ್ಟರ್‌ರ ಭದ್ರತಾ ಸಲಹೆಗಾರ ಬ್ರೆಜಿನ್ಸ್ಕಿ ಮನೇಲಿ ಫೋನ್ ಬಡ್ಕೊಂತು, ಸೋವಿಯತ್ ಕ್ಷಿಪಣಿಗಳು ಹೊರಟಿವೆ ಅಂತ. ಖಚಿತ ಮಾಡಿ ಅಂದ್ರು. ಎರಡನೇ ಕರೆ: 2,200 ಕ್ಷಿಪಣಿ. ಅವರು ಹೆಂಡತೀನ ಎಬ್ಬಿಸಲಿಲ್ಲವಂತೆ, ಹೇಗೂ ಇನ್ನು ಅರ್ಧ ಗಂಟೇಲಿ ಎಲ್ಲರೂ ಇರಲ್ಲ ಅಂತ. ಅಧ್ಯಕ್ಷರಿಗೆ ಫೋನ್ ಮಾಡೋಕೆ ಒಂದು ನಿಮಿಷ ಇದೆ ಅನ್ನುವಾಗ ಮೂರನೇ ಕರೆ ಬಂತು. ಬೇರೆ ಯಾವ ರಾಡಾರ್‌ನಲ್ಲೂ ಏನೂ ಕಾಣ್ತಿಲ್ಲ, ತಪ್ಪು ಎಚ್ಚರಿಕೆ. ಎಚ್ಚರಿಕೆ ಕೊಡೋ ಕೇಂದ್ರದ ಕಂಪ್ಯೂಟರಿಗೆ ತರಬೇತಿಗೆ ಅಂತ ಇಟ್ಟಿದ್ದ ನಕಲಿ ದಾಳಿಯ ಡೇಟಾ ಸೇರ್ಕೊಂಡಿತ್ತಂತೆ. ಕಾರ್ಟರ್ ಆರಾಮಾಗಿ ಮಲಗಿದ್ರು.

ಯಂತ್ರಗಳು ಅಧ್ಯಕ್ಷರಿಗೆ ಕಿವಿ, ಬಾಯಿ ಕೊಟ್ಟಿದ್ದಷ್ಟೇ ಅಲ್ಲ, ಅವರ ಮೇಲೇ ಕಾವಲೂ ಕೂತ್ಕೊಂಡ್ವು. 1971ರ ಫೆಬ್ರವರಿಯಲ್ಲಿ ನಿಕ್ಸನ್ ತಮ್ಮ ಆಫೀಸಲ್ಲಿ ಗುಟ್ಟಾಗಿ ಟೇಪ್‌ರೆಕಾರ್ಡರ್ ಹಾಕಿಸಿದ್ರು. ಹಿಂದಿನ ಜಾನ್ಸನ್ ಕೂಡ ರೆಕಾರ್ಡ್ ಮಾಡ್ತಿದ್ರು, ಆದ್ರೆ ಬೇಕಾದಾಗ ಆನ್, ಬೇಡದಾಗ ಆಫ್. ನಿಕ್ಸನ್‌ಗೆ ಮೆಷಿನ್ ಅಂದ್ರೆ ಕೈ ಓಡ್ತಿರ್ಲಿಲ್ಲ, ಬಟನ್ ಒತ್ತೋದು ಮರೀತಾರೆ ಅಂತ ಮಾತು ಕೇಳಿದ ತಕ್ಷಣ ತಾನಾಗೇ ಶುರುವಾಗೋ ವ್ಯವಸ್ಥೆ ಹಾಕಿದ್ರು. ಅದೇ ಕುತ್ತಿಗೆಗೆ ಬಂತು. ಸುಮಾರು 3,700 ಗಂಟೆ ಮಾತು, ಒಳ್ಳೇದು ಕೆಟ್ಟದ್ದು ಬೈಗುಳ ಎಲ್ಲ. 1973ರ ಜುಲೈ 16ಕ್ಕೆ ಬಟರ್‌ಫೀಲ್ಡ್ ಅನ್ನೋ ಮಾಜಿ ಸಹಾಯಕ, ವಾಟರ್ಗೇಟ್ ಹಗರಣದ (ವಿರೋಧ ಪಕ್ಷದ ಆಫೀಸಿಗೆ ಕಳ್ಳರು ನುಗ್ಗಿದ್ದು, ಅದನ್ನ ಮುಚ್ಚಿಹಾಕೋಕೆ ನೋಡಿದ್ದು) ತನಿಖೆ ಮಾಡ್ತಿದ್ದ ಸೆನೆಟ್ ಸಮಿತಿ ಮುಂದೆ, ಟಿವಿ ಕ್ಯಾಮರಾ ಓಡ್ತಿರೋವಾಗ, ಹೌದು ರೆಕಾರ್ಡಿಂಗ್ ಇದೆ ಅಂದ್ಬಿಟ್ರು. ಒಂದು ಟೇಪಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿತ್ತು. ಸುಪ್ರೀಂ ಕೋರ್ಟು 8-0 ತೀರ್ಪಲ್ಲಿ ಟೇಪ್ ಕೊಡಿ ಅಂದ ಎರಡೇ ವಾರಕ್ಕೆ, 1974ರ ಆಗಸ್ಟ್ 9ಕ್ಕೆ, ರಾಜೀನಾಮೆ. 1978ರಲ್ಲಿ ಅಧ್ಯಕ್ಷರ ದಾಖಲೆಗಳು ದೇಶದ ಸ್ವತ್ತು ಅಂತ ಕಾನೂನೇ ಬಂತು.

ಅದಾದ್ಮೇಲೆ ಅಧ್ಯಕ್ಷರಿಗೆಲ್ಲ ಬರೆಯೋದು ಅಂದ್ರೇನೇ ಭಯ. ರೇಗನ್ ಕಾಲದಲ್ಲಿ ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ ಆ ದುಡ್ಡನ್ನ ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣದಲ್ಲಿ ವೈಟ್ ಹೌಸಿನ ಅಧಿಕಾರಿ ಆಲಿವರ್ ನಾರ್ತ್ ಕಂಪ್ಯೂಟರಿಂದ ಮೆಸೇಜ್ ಅಳಿಸಿ ಕೈ ತೊಳ್ಕೊಂಡೆ ಅಂದ್ಕೊಂಡಿದ್ರು, ಬ್ಯಾಕಪ್ ಟೇಪಲ್ಲಿ ಎಲ್ಲ ಹಾಗೇ ಕೂತಿತ್ತು. 2001ರಲ್ಲಿ ಜಾರ್ಜ್ ಬುಷ್ ಅಧಿಕಾರಕ್ಕೆ ಬರೋ ಮುಂಚೆ ಬಂಧುಬಳಗಕ್ಕೆಲ್ಲ ಒಂದು ಈಮೇಲ್ ಹಾಕಿದ್ರು, ಇದೇ ಕೊನೇದು, ಇನ್ನು ಈಮೇಲ್ ಬಳಸಲ್ಲ ಅಂತ. ಒಬಾಮ ತಮ್ಮ ಬ್ಲ್ಯಾಕ್‌ಬೆರಿ ಬಿಡಲ್ಲ ಅಂತ ಹಟ ಮಾಡಿ ಇಟ್ಕೊಂಡ್ರು, ಆದ್ರೆ ಅದರ ಈಮೇಲ್ ವಿಳಾಸ ಕೆಲವೇ ಜನಕ್ಕೆ ಮಾತ್ರ. 2011ರಲ್ಲಿ ಫ್ರಾನ್ಸಲ್ಲಿದ್ದಾಗ ಒಂದು ಮಸೂದೆಯ ಗಡುವು ಮಧ್ಯರಾತ್ರಿಗೆ ಮುಗೀತಿತ್ತು, ವಾಷಿಂಗ್ಟನ್ನಲ್ಲಿದ್ದ ಆಟೋಪೆನ್ ಅನ್ನೋ ಯಂತ್ರ ಅವರ ಪರವಾಗಿ ಸಹಿ ಹಾಕ್ತು. ಸಹಿಗೂ ಕೈ ಬೇಕಾಗಿಲ್ಲ!

ಇನ್ನು ಟ್ರಂಪ್. ರೂಸ್ವೆಲ್ಟ್ 12 ವರ್ಷಕ್ಕೆ 30 ಸಲ ಮಾತಾಡಿದ್ರೆ ಇವರು ಒಂದೇ ದಿನಕ್ಕೆ ಅಷ್ಟು ಪೋಸ್ಟ್ ಹಾಕಿದ್ದಿದೆ. 2018ರ ಮಾರ್ಚ್ 13ಕ್ಕೆ ವಿದೇಶಾಂಗ ಸಚಿವ ಟಿಲ್ಲರ್ಸನ್‌ರನ್ನ ತೆಗೆದಿದ್ದು ಟ್ವೀಟಲ್ಲೇ. ಮುಂಚೆ ಅಧ್ಯಕ್ಷರ ಒಂದು ಮಾತು ಹೊರಗೆ ಹೋಗ್ಬೇಕಿದ್ರೆ ಭಾಷಣ ಬರೆಯೋರು, ವಕೀಲರು, ಸಂಬಂಧಪಟ್ಟ ಇಲಾಖೆ ಅಂತ ನಾಲ್ಕೈದು ಮೇಜು ದಾಟ್ಬೇಕಿತ್ತು, ನಮ್ಮ ಸರ್ಕಾರಿ ಫೈಲ್ ಥರ. ಬೇಜಾರಿನ ಕೆಲಸ, ಆದ್ರೆ ಆ ಮೇಜುಗಳೇ ಬ್ರೇಕು. ಆ ವೀಸಾ ಆದೇಶದ ದಿನ ಆಗಿದ್ದೂ ಇದೇ, ವಿವರಣೆ ಮೊದಲು ಬರ್ಬೇಕಿತ್ತು, ಗಾಬರಿ ಮೊದಲು ಬಂತು. ಇನ್ನೊಂದು ವಿಚಿತ್ರ ನೋಡಿ: 2021ರ ಜನವರಿ 8ಕ್ಕೆ ಟ್ವಿಟರ್ ಕಂಪನಿ 8.8 ಕೋಟಿ ಫಾಲೋವರ್ಸ್ ಇದ್ದ ಅವರ ಖಾತೆ ಮುಚ್ಚಿತು, ಅಧಿಕಾರ ಮುಗಿಯೋಕೆ ಇನ್ನೂ 12 ದಿನ ಇತ್ತು. ಅಷ್ಟು ದಿನ ಅವರಿಗೆ ಟ್ವೀಟ್ ಮಾಡೋ ಹಾಗಿರ್ಲಿಲ್ಲ, ಆದ್ರೆ ಆ ಕಪ್ಪು ಬ್ಯಾಗು ಹಿಂದೇನೇ ಇತ್ತು. ಮುಂದಿನ ವರ್ಷ ಟ್ರೂತ್ ಸೋಷಿಯಲ್ ಅಂತ ಸ್ವಂತದ್ದೇ ಒಂದು ಅಂಗಡಿ ಶುರುವಾಯ್ತು.

ತಂತಿ ಆಫೀಸಿನ ಲಿಂಕನ್ ಹತ್ರ ಇನ್ನೊಂದು ಸಲ ಹೋಗ್ತೀನಿ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್ ಯುದ್ಧ ಗೆದ್ದ ಜನರಲ್ ಮೀಡ್, ಸೋತು ಓಡ್ತಿದ್ದ ಶತ್ರು ಜನರಲ್ ಲೀಯ ಸೈನ್ಯವನ್ನ ಅಟ್ಟಿಸ್ಕೊಂಡು ಹೋಗಿ ಹಿಡೀಲಿಲ್ಲ, ಅದು ಪೊಟೋಮ್ಯಾಕ್ ನದಿ ದಾಟಿ ತಪ್ಪಿಸ್ಕೊಂತು. ಲಿಂಕನ್‌ಗೆ ಸಿಟ್ಟು ನೆತ್ತಿಗೇರಿತ್ತು. ಜುಲೈ 14ರ ಮಧ್ಯಾಹ್ನ 1 ಗಂಟೆಗೆ ಸೇನೆಯ ಮುಖ್ಯಸ್ಥ ಹ್ಯಾಲೆಕ್, ಅಧ್ಯಕ್ಷರಿಗೆ ತುಂಬಾ ಬೇಜಾರಾಗಿದೆ ಅಂತ ಮೀಡ್‌ಗೆ ತಂತಿ ಕಳಿಸಿದ್ರು. ಎರಡೂವರೆಗೆ ತಂತಿಯಲ್ಲೇ ಉತ್ತರ ಬಂತು: ಹಾಗಾದ್ರೆ ನನ್ನನ್ನ ಈ ಜವಾಬ್ದಾರಿಯಿಂದ ಬಿಡಿಸಿ. ಒಂದೂವರೆ ಗಂಟೇಲಿ ಗೆದ್ದ ಜನರಲ್ ರಾಜೀನಾಮೆ ತನಕ ಹೋಗಿದ್ದ. ಸಮಾಧಾನ ಮಾಡೋಣ ಅಂತ ಲಿಂಕನ್ ಪೆನ್ ಹಿಡಿದು ಕೂತ್ರು, ಬರೀತಾ ಬರೀತಾ ಸಿಟ್ಟೆಲ್ಲ ಕಾಗದಕ್ಕೆ ಇಳೀತು, ಚಿನ್ನದಂಥ ಅವಕಾಶ ಕೈಬಿಟ್ರಿ, ನನಗಾಗಿರೋ ಸಂಕಟಕ್ಕೆ ಅಳತೆಯಿಲ್ಲ ಅಂತೆಲ್ಲ. ಆಮೇಲೆ ಮಡಚಿ ಕವರಿಗೆ ಹಾಕಿ ಮೇಲೆ ಬರೆದಿಟ್ರು: ಜನರಲ್ ಮೀಡ್‌ಗೆ, ಕಳಿಸಲಿಲ್ಲ, ಸಹಿ ಹಾಕಲಿಲ್ಲ. ಆ ಕಾಗದ ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕಿದಾರೆ, ಮೀಡ್ ಓದದೇ ಇದ್ದದ್ದನ್ನ ನಾನು ಮೊನ್ನೆ ರಾತ್ರಿ ಮಲ್ಕೊಂಡು ಫೋನಲ್ಲಿ ಓದಿದೆ.